20 ಎಂ.ಎಲ್. ಪೋರ್ಟ್ ಎಲೆನ್

ಈ ಮಾತನ್ನು ನನ್ನ ಸೋಲಿನಿಂದ ಆರಂಭಿಸುವುದೇ ಸರಿಯೆಂದು ತೋರುತ್ತದೆ. ಕೆಲವು ವರ್ಷಗಳ ಹಿಂದೆ ಎಡಿನ್‌ಬರೋ ನಗರದಲ್ಲಿ ನೆಲೆಸಿರುವ ಗೆಳೆಯನ ಮನೆಯಲ್ಲಿ, ಊಟದ ಮೇಜಿನ ಮೇಲೆ, ನನಗಾಗಿ ಮೂರು ಗ್ಲಾಸುಗಳು ಕಾದಿದ್ದವು. ಪ್ರತಿಯೊಂದರಲ್ಲಿಯೂ 20 ಎಂ.ಎಲ್. ವಿಸ್ಕಿ. ಯಾವುದು ಯಾವುದೆಂಬುದು ಗ್ಲಾಸಿನ ತಳಕ್ಕೆ ಅಂಟಿಸಿದ ಚೀಟಿಗೆ ಮಾತ್ರ ಗೊತ್ತಿತ್ತು. ಮೂರೂ ಸ್ಕಾಟ್‌ಲೆಂಡಿನ ಪಶ್ಚಿಮ ತೀರದಾಚೆ ಇರುವ ಐಲಾ ದ್ವೀಪದವು: ಒಂದು ಹದಿನಾರು ವರ್ಷದ ಲಾಗವೂಲಿನ್, ಇನ್ನೊಂದು 1983ರಲ್ಲಿ ಬಟ್ಟಿ ಇಳಿಸಿ 30 ವರ್ಷ ಪೀಪಾಯಿಯಲ್ಲಿಟ್ಟ ಕಲ್ ಈಲಾ, ಮತ್ತೊಂದು ಅದೇ 1983ರಲ್ಲಿ ಬಟ್ಟಿ ಇಳಿಸಿ 32 ವರ್ಷ ಇಟ್ಟ ಪೋರ್ಟ್ ಎಲೆನ್, ಅಂದರೆ ಆ ಹೆಸರಿನ ಡಿಸ್ಟಿಲರಿಯ, ವಿಸ್ಕಿಯ ಬಟ್ಟಿ ಕಾರ್ಖಾನೆಯ, ಬೆಂಕಿ ಆರಿದ ವರ್ಷದ ಮಾಲು. ಲಾಗವೂಲಿನ್ನನ್ನು ಗುರುತಿಸುವುದು ಕಷ್ಟವಾಗಲಿಲ್ಲ. ಉಳಿದ ಎರಡರಲ್ಲಿ ಒಂದನ್ನು ಬಹಳ ಹೊತ್ತು ಮೂಸಿ, ಗುಟುಕರಿಸಿ, ಕಣ್ಣುಮುಚ್ಚಿ, "ಇದೇ ಪೋರ್ಟ್ ಎಲೆನ್, ಸಂಶಯವೇ ಇಲ್ಲ" ಎಂದು ಘೋಷಿಸಿದೆ. ಗ್ಲಾಸನ್ನು ಎತ್ತಿ ನೋಡಿದರೆ ಅದು ಕಲ್ ಈಲಾ.

ಮೂವತ್ತು ವರ್ಷ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸಿದವನಿಗೆ ಇದು ಸಣ್ಣ ಅವಮಾನವೇನಲ್ಲ. ಆದರೆ ತಪ್ಪು ಮಾಡಿದ ಬಗೆಯನ್ನು ಯೋಚಿಸಿದಾಗ, ಮುಚ್ಚಿಹೋದ ಡಿಸ್ಟಿಲರಿಯ ವಿಸ್ಕಿಯನ್ನು ಸವಿಯುವುದೆಂದರೇನು ಎಂಬ ಪ್ರಶ್ನೆಗೆ ಅಲ್ಲಿಯೇ ಉತ್ತರದ ತುದಿ ಸಿಕ್ಕಿತು. ನಾನು ಎರಡು ಗ್ಲಾಸುಗಳ ಪೈಕಿ ನನಗೆ ಹೆಚ್ಚು ಹಿಡಿಸಿದ್ದನ್ನು ಆರಿಸಿಕೊಂಡಿದ್ದೆ. ಹೆಚ್ಚು ಹಿಡಿಸಿದ್ದೇ ಹೆಚ್ಚು ಬೆಲೆಯದ್ದಾಗಿರಬೇಕು, ಹೆಚ್ಚು ಬೆಲೆಯದ್ದೇ ಅಪರೂಪದ್ದಾಗಿರಬೇಕು ಎಂದು ಮನಸ್ಸು ನನಗೆ ತಿಳಿಯದಂತೆಯೇ ಲೆಕ್ಕ ಹಾಕಿತ್ತು. ಅಪರೂಪ ಎಂಬುದಕ್ಕೆ ನಾಲಿಗೆಯ ಮೇಲೆ ಯಾವ ರುಚಿಯೂ ಇಲ್ಲ. ಅದು ದಾಸ್ತಾನಿನ ಸಂಗತಿ. ಹಾಗಾದರೆ ಗ್ಲಾಸಿನಲ್ಲಿ ನಿಜವಾಗಿ ಇರುವುದೇನು, ಅದು ಅಲ್ಲಿಗೆ ಹೇಗೆ ಬಂತು ಎಂಬುದನ್ನು ನೋಡಬೇಕು. ಇಲ್ಲಿ ಒಂದು ಪುಟ್ಟ ಖಾಲಿ ಸೀಸೆಯಿದೆ. ಆ ಸಂಜೆ ಬಾಟಲಿಯಿಂದ ಬಗ್ಗಿಸಿಕೊಂಡ ಇನ್ನೊಂದಿಷ್ಟನ್ನು ಊರಿಗೆ ತಂದದ್ದು ಇದರಲ್ಲಿಯೇ. ಕೊನೆಯಲ್ಲಿ ಇದನ್ನು ಸಭೆಯಲ್ಲಿ ದಾಟಿಸುತ್ತೇನೆ.

ನನ್ನ ತಪ್ಪಿಗೆ ಒಂದು ಸಮರ್ಥನೆಯೂ ಇದೆ. ಆ ಮೂರು ಗ್ಲಾಸುಗಳು ಅಕ್ಕತಂಗಿಯರಿದ್ದಂತೆ. ಲಾಗವೂಲಿನ್, ಕಲ್ ಈಲಾ, ಪೋರ್ಟ್ ಎಲೆನ್ ಮೂರೂ ಆಗ ಡಿಸ್ಟಿಲರ್ಸ್ ಕಂಪನಿ ಲಿಮಿಟೆಡ್ ಎಂಬ ಒಂದೇ ಯಜಮಾನನ ಸೊತ್ತು. ವಿಸ್ಕಿಗೆ ಬೇಕಾದ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿ, ಮೂರಕ್ಕೂ ಒಂದೇ ಕಡೆಯಿಂದ ಬರುತ್ತಿತ್ತು: ಪೋರ್ಟ್ ಎಲೆನ್ ಊರಿನಲ್ಲಿ 1973ರಲ್ಲಿ ಕಟ್ಟಿದ ದೊಡ್ಡ ಮಾಲ್ಟಿಂಗ್ಸ್ ಕಾರ್ಖಾನೆಯಿಂದ. ಜೌಗುನೆಲದಲ್ಲಿ ಸಾವಿರಾರು ವರ್ಷ ಕೊಳೆತೂ ಕೊಳೆಯದೆ ಉಳಿದ ಸಸ್ಯರಾಶಿಯೇ ಪೀಟ್. ಅದನ್ನು ಕುಳ್ಳಿನಂತೆ ಕಡಿದು ಒಣಗಿಸಿ ಉರಿಸಿದಾಗ ಏಳುವ ಹೊಗೆಯಲ್ಲಿ ಧಾನ್ಯವನ್ನು ಒಣಗಿಸಿದರೆ ಫೀನಾಲ್, ಕ್ರೆಸಾಲ್, ಗ್ವಾಯಕಾಲ್ ಮೊದಲಾದ ವಸ್ತುಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಐಲಾದ ವಿಸ್ಕಿಯಲ್ಲಿ ಹೊಗೆ, ಡಾಂಬರು, ಟಿಂಚರ್ ಅಯೋಡಿನ್ ವಾಸನೆ ಬರುವುದು ಇವುಗಳಿಂದ. ಒಂದೇ ಹೊಗೆಯಲ್ಲಿ ಒಣಗಿದ ಧಾನ್ಯದಿಂದ ಮೂರು ರುಚಿ ಬರುವುದಕ್ಕೆ ಹುದುಗು ಬರಿಸುವ ಅವಧಿ, ತಾಮ್ರದ ಹಂಡೆಗಳ ಆಕಾರ, ಅವುಗಳನ್ನು ಎಷ್ಟು ತುಂಬಿಸುತ್ತಾರೆ, ಇಳಿದು ಬರುವ ದ್ರವದ ಯಾವ ಭಾಗವನ್ನು ಹಿಡಿದು ಯಾವುದನ್ನು ಬಿಡುತ್ತಾರೆ ಎಂಬಂಥ ವಿವರಗಳೇ ಕಾರಣ. ಡಿಸ್ಟಿಲರಿಯೊಂದು ಮುಚ್ಚಿದಾಗ ಇಲ್ಲವಾಗುವುದು ಈ ಕೈಹದ. ಧಾನ್ಯವಾಗಲಿ ನೀರಾಗಲಿ ಎಲ್ಲಿಗೂ ಹೋಗುವುದಿಲ್ಲ.

ಈಗ ಮುಚ್ಚಿದ ಕಥೆ. ಪೋರ್ಟ್ ಎಲೆನ್ ಡಿಸ್ಟಿಲರಿ ಆರಂಭವಾದದ್ದು 1825ರಲ್ಲಿ. ಹತ್ತೊಂಬತ್ತನೆಯ ಶತಮಾನದ ಬಹುಭಾಗ ಅದನ್ನು ನಡೆಸಿ ಹೆಸರಿಗೆ ತಂದವನು ಜಾನ್ ರಾಮ್ಸೆ. ಆತ ಮುಂದೆ ಬ್ರಿಟಿಷ್ ಸಂಸತ್ತಿನ ಸದಸ್ಯನೂ ಆದ. 1930ರ ಸುಮಾರಿಗೆ ಅದು ಒಮ್ಮೆ ಮುಚ್ಚಿತು, ಮತ್ತೆ 1967ರವರೆಗೆ ತೆರೆಯಲಿಲ್ಲ. ಆ ಮೂವತ್ತೇಳು ವರ್ಷಗಳ ಮೌನವನ್ನು ಯಾರೂ ಶೋಕಿಸಿದಂತಿಲ್ಲ. 1960ರ ದಶಕದಲ್ಲಿ ಜಗತ್ತಿನಾದ್ಯಂತ ಬ್ಲೆಂಡೆಡ್ ವಿಸ್ಕಿಗೆ, ಅಂದರೆ ಹಲವು ಡಿಸ್ಟಿಲರಿಗಳ ಮಾಲನ್ನು ಬೆರೆಸಿ ಮಾಡಿದ ವಿಸ್ಕಿಗೆ, ಬೇಡಿಕೆ ಏರಿದಾಗ ಹಳೆಯದನ್ನು ಬಹುಮಟ್ಟಿಗೆ ಹೊಸದಾಗಿ ಕಟ್ಟಿ, ನಾಲ್ಕು ಹಂಡೆಗಳನ್ನಿಟ್ಟು ಕೆಲಸ ಶುರು ಮಾಡಿದರು. ಇಂದು ಸಂಗ್ರಾಹಕರು ಭಕ್ತಿಯಿಂದ ಮಾತನಾಡುವ ಪೋರ್ಟ್ ಎಲೆನ್‌ನ ಹೆಚ್ಚುಕಡಿಮೆ ಎಲ್ಲ ಬಾಟಲಿಗಳೂ 1967ರಿಂದ 1983ರವರೆಗಿನ ಈ ಹದಿನಾರು ವರ್ಷಗಳ ಕೂಸುಗಳು. ಎರಡು ಶತಮಾನದ ಪರಂಪರೆಯ ಮಾತನ್ನು ಲೇಬಲ್ಲು ಹೇಳುತ್ತದೆ. ಒಳಗಿರುವುದು ಎಪ್ಪತ್ತರ ದಶಕದ ಒಂದು ಕಾರ್ಖಾನೆಯ ಕೆಲಸ.

ಆ ಕಾರ್ಖಾನೆಯ ಮಾಲನ್ನು ಆಗ ಯಾರೂ ಅದರ ಹೆಸರು ಹಿಡಿದು ಕುಡಿಯುತ್ತಿರಲಿಲ್ಲವೆಂದರೆ ಉತ್ಪ್ರೇಕ್ಷೆಯಾಗದು. ಸಿಂಗಲ್ ಮಾಲ್ಟ್, ಅಂದರೆ ಒಂದೇ ಡಿಸ್ಟಿಲರಿಯಲ್ಲಿ ಮಾಲ್ಟ್ ಮಾತ್ರದಿಂದ ಮಾಡಿದ ವಿಸ್ಕಿ, ಆಗ ಕೆಲವೇ ಜನರ ಖಯಾಲಿಯಾಗಿತ್ತು. ಐಲಾದ ಹೊಗೆಯ ವಿಸ್ಕಿಯನ್ನು ಬ್ಲೆಂಡರುಗಳು ಅಡುಗೆಯವರು ಇಂಗು ಬಳಸುವಂತೆ ಬಳಸುತ್ತಿದ್ದರು. ಚಿಟಿಕೆ ಇದ್ದರೆ ಸಾರಿಗೆ ಗತ್ತು, ಹೆಚ್ಚಾದರೆ ಕೆಟ್ಟಿತು. ಎಪ್ಪತ್ತರ ದಶಕದ ಉತ್ಸಾಹದಲ್ಲಿ ಸ್ಕಾಟ್‌ಲೆಂಡಿನ ಗೋದಾಮುಗಳೆಲ್ಲ ತುಂಬಿಹೋದವು. ತೈಲ ಬಿಕ್ಕಟ್ಟು, ಹಣದುಬ್ಬರ, ಎಂಬತ್ತರ ಆರಂಭದ ಆರ್ಥಿಕ ಹಿಂಜರಿತ ಒಂದರ ಹಿಂದೊಂದು ಬಂದು ಬೇಡಿಕೆ ಕುಸಿದಾಗ ಈ ದಾಸ್ತಾನನ್ನು ಜನ 'ವಿಸ್ಕಿ ಕೆರೆ' ಎಂದು ಕರೆಯತೊಡಗಿದರು. 1983ರಲ್ಲಿ ಡಿಸ್ಟಿಲರ್ಸ್ ಕಂಪನಿಯು ತನ್ನ 11 ಮಾಲ್ಟ್ ಡಿಸ್ಟಿಲರಿಗಳನ್ನು ಮುಚ್ಚಿತು. ಉತ್ತರದ ಬ್ರೋರಾ, ಲಿನ್‌ಲಿತ್‌ಗೋ ಊರಿನ ಸೇಂಟ್ ಮ್ಯಾಗ್ಡಲೀನ್, ಬ್ಯಾನ್ಫ್, ಡಲ್ಲಾಸ್ ಡೂ ಆ ಪಟ್ಟಿಯಲ್ಲಿದ್ದವು. ಐಲಾದಲ್ಲಿ ಮೂರರಲ್ಲಿ ಒಂದು ಹೋಗಬೇಕಿತ್ತು. ಕಲ್ ಈಲಾವನ್ನು ಆಗಷ್ಟೇ, 1974ರಲ್ಲಿ, ಆರು ಹಂಡೆಗಳೊಂದಿಗೆ ದೊಡ್ಡದಾಗಿ ಕಟ್ಟಿ ಮುಗಿಸಿದ್ದರು. ಲಾಗವೂಲಿನ್ನು ವೈಟ್ ಹಾರ್ಸ್ ಬ್ಲೆಂಡಿಗೆ ಬೇಕೇಬೇಕಿತ್ತು. ಪೋರ್ಟ್ ಎಲೆನ್ ಹೋಯಿತು. ಮಾಲ್ಟಿಂಗ್ಸ್ ಕಾರ್ಖಾನೆ ಮಾತ್ರ ಉಳಿಯಿತು, ಏಕೆಂದರೆ ಉಳಿದವರಿಗೆ ಅದು ಬೇಕಿತ್ತು.

ಗಮನಿಸಿ: ರುಚಿ ಕಡಿಮೆಯೆಂದು ಮುಚ್ಚಿದ್ದಲ್ಲ, ಲೆಕ್ಕಕ್ಕೆ ಬಾರದೆಂದು ಮುಚ್ಚಿದ್ದು. ಐದು ವರ್ಷಗಳ ತರುವಾಯ, 1988ರಲ್ಲಿ, ಅದೇ ಸಂಸ್ಥೆಯ ವಾರಸುದಾರರು 'ಕ್ಲಾಸಿಕ್ ಮಾಲ್ಟ್ಸ್' ಎಂಬ ಆರು ಸಿಂಗಲ್ ಮಾಲ್ಟ್‌ಗಳ ಸಾಲನ್ನು ಮಾರುಕಟ್ಟೆಗೆ ತಂದರು. ಅದರಲ್ಲಿ ಲಾಗವೂಲಿನ್ ಇತ್ತು, ಮತ್ತು ಹೊಗೆಯ ವಿಸ್ಕಿಯ ಹುಚ್ಚು ಹತ್ತುವುದಕ್ಕೆ ಆ ಸಾಲೇ ಒಂದು ಮುಖ್ಯ ಕಾರಣವಾಯಿತು. ಅಷ್ಟರಲ್ಲಿ ಪೋರ್ಟ್ ಎಲೆನ್‌ನ ಹಂಡೆಗಳು ತಣ್ಣಗಾಗಿ ಐದು ವರ್ಷವಾಗಿತ್ತು.

ಉಳಿದದ್ದು ಪೀಪಾಯಿಗಳು. ಈ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ಮುಚ್ಚಿದ ಡಿಸ್ಟಿಲರಿಯ ರುಚಿಯ ಗುಟ್ಟು ಬಹುಮಟ್ಟಿಗೆ ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಹೊಸ ಓಕ್ ಮರದ ಪೀಪಾಯಿ, ಅಥವಾ ಈಚೆಗಷ್ಟೇ ಶೆರಿ ಎಂಬ ವೈನ್ ತುಂಬಿದ್ದ ಪೀಪಾಯಿ, ವಿಸ್ಕಿಗೆ ಬೇಗ ಬಣ್ಣವನ್ನೂ ವೆನಿಲಾ, ಒಣದ್ರಾಕ್ಷಿ, ಮಸಾಲೆಯ ವಾಸನೆಯನ್ನೂ ಕೊಡುತ್ತದೆ. ಹಾಗೆಯೇ ಇಪ್ಪತ್ತು ಮೂವತ್ತು ವರ್ಷ ಬಿಟ್ಟರೆ ಮರವೇ ಮೇಲುಗೈ ಪಡೆದು ವಿಸ್ಕಿಯು ಕಷಾಯದಂತಾಗುವ ಅಪಾಯವಿದೆ. ಪೋರ್ಟ್ ಎಲೆನ್‌ನ ಮಾಲು ಬ್ಲೆಂಡಿಗೆಂದು ಇಟ್ಟದ್ದು, ಅದಕ್ಕೆ ದುಬಾರಿ ಮರ ಯಾರು ಕೊಡುತ್ತಾರೆ? ಅದನ್ನು ತುಂಬಿದ್ದು ಹೆಚ್ಚಾಗಿ ಈಗಾಗಲೇ ಒಂದೆರಡು ಬಾರಿ ವಿಸ್ಕಿ ತುಂಬಿ ಖಾಲಿ ಮಾಡಿದ, ಸತ್ವ ಇಳಿದ ಪೀಪಾಯಿಗಳಿಗೆ. ಆ ಜಿಪುಣತನವೇ ಅದನ್ನು ಕಾಪಾಡಿತು. ದಣಿದ ಮರವು ಸುಮ್ಮನೆ ಕುಳಿತು ಸ್ಪಿರಿಟ್ಟನ್ನು ಉಸಿರಾಡಲು ಬಿಟ್ಟಿತೇ ಹೊರತು ಅದರ ಮೇಲೆ ತನ್ನ ಮಾತನ್ನು ಹೇರಲಿಲ್ಲ. ಹಾಗಾಗಿ ಮೂವತ್ತು ದಾಟಿದ ಮೇಲೂ ಅದು ತೆಳು ಹುಲ್ಲಿನ ಬಣ್ಣದಲ್ಲಿದೆ, ಒಳಗೆ ಹೊಗೆಯೂ ನಿಂಬೆಯೂ ಕೇಳಿಸುತ್ತವೆ. ಪ್ರೀತಿಯಿಂದ ಸಾಕಿದ್ದರೆ ಕೆಡುತ್ತಿತ್ತೇನೋ. ಉದಾಸೀನದಿಂದ ಬಿಟ್ಟದ್ದಕ್ಕೆ ಉಳಿಯಿತು.

ಇನ್ನೊಂದು ಕಾರಣ ಚಳಿ. ಪೀಪಾಯಿಯ ಮರದ ಮೂಲಕ ವಿಸ್ಕಿ ನಿರಂತರವಾಗಿ ಆವಿಯಾಗುತ್ತದೆ; ಸ್ಕಾಟರು ಅದನ್ನು ದೇವದೂತರ ಪಾಲು ಎನ್ನುತ್ತಾರೆ. ಅಲ್ಲಿ ಅದು ವರ್ಷಕ್ಕೆ ಸುಮಾರು ಶೇ. 2. ಕರಿಹಲಗೆಯ ಅಭ್ಯಾಸ ಬಿಡದ ಕಾರಣ ಲೆಕ್ಕ ಹಾಕಿಯೇ ತೋರಿಸುತ್ತೇನೆ: 250 ಲೀಟರಿನ ಪೀಪಾಯಿಯೊಂದರಿಂದ ಪ್ರತಿವರ್ಷ ಉಳಿದದ್ದರ ಶೇ. 2 ಹೋದರೆ 32 ವರ್ಷಗಳ ನಂತರ ಸುಮಾರು 131 ಲೀಟರು ಉಳಿಯುತ್ತದೆ. ಈಗ ಅದೇ ಪೀಪಾಯಿಯನ್ನು ಬೆಂಗಳೂರಿನಲ್ಲಿ ಇಡೋಣ. ಇದು ಊಹೆಯ ಆಟವಲ್ಲ. 2004ರಲ್ಲಿ ಗ್ಲಾಸ್ಗೋ ನಗರಕ್ಕೇ ಹೋಗಿ ತನ್ನ ಸಿಂಗಲ್ ಮಾಲ್ಟ್ ಬಿಡುಗಡೆ ಮಾಡಿದ ನಮ್ಮ ಅಮೃತ್ ಡಿಸ್ಟಿಲರೀಸ್‌ನ ಗೋದಾಮಿನಲ್ಲಿ ಈ ನಷ್ಟ ವರ್ಷಕ್ಕೆ ಶೇ. 10ರಿಂದ 12ರಷ್ಟಿದೆ. ತಮ್ಮ ಹೆಚ್ಚು ವಯಸ್ಸಿನ ವಿಸ್ಕಿಗೆ ಅವರು 'ಗ್ರೀಡಿ ಏಂಜೆಲ್ಸ್' ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ನಮ್ಮ ಕಡೆಯ ದೇವದೂತರು ಹೊಟ್ಟೆಬಾಕರು. ಶೇ. 11 ಎಂದಿಟ್ಟುಕೊಂಡರೆ 250 ಲೀಟರು 17 ವರ್ಷಗಳಲ್ಲಿ 34ಕ್ಕೆ, 32 ವರ್ಷಗಳಲ್ಲಿ 6 ಲೀಟರಿಗೆ ಇಳಿಯುತ್ತದೆ. ಅಂದರೆ 1983ರಲ್ಲಿ ಬೆಂಗಳೂರಿನಲ್ಲಿ ಇಂಥದೊಂದು ಡಿಸ್ಟಿಲರಿ ಮುಚ್ಚಿದ್ದರೆ, ಅದರ ಬೆಲೆ ಜನರಿಗೆ ತಿಳಿಯುವ ಹೊತ್ತಿಗೆ ಪೀಪಾಯಿಯ ತಳ ಕಾಣುತ್ತಿತ್ತು. ಸತ್ತವರ ಧ್ವನಿಯನ್ನು ಮೂವತ್ತು ವರ್ಷ ಹಿಡಿದಿಡಬಲ್ಲ ಗೋದಾಮು ತಣ್ಣಗಿರಲೇಬೇಕು.

ಕಾನೂನಿನ ಒಂದು ಗಡಿಯೂ ಇದೆ. ಶೇ. 40ಕ್ಕಿಂತ ಕಡಿಮೆ ಆಲ್ಕೊಹಾಲ್ ಇರುವುದನ್ನು ಸ್ಕಾಚ್ ಎಂದು ಮಾರುವಂತಿಲ್ಲ. ಸ್ಕಾಟ್‌ಲೆಂಡಿನ ತೇವದ ಹವೆಯಲ್ಲಿ ವರ್ಷ ಕಳೆದಂತೆ ಪೀಪಾಯಿಯ ಪ್ರಮಾಣದ ಜೊತೆಗೆ ಕಡುಪೂ ಇಳಿಯುತ್ತದೆ. ಹಳೆಯ ಪೀಪಾಯಿಯ ಒಡೆಯನು ಇನ್ನೂ ಎಷ್ಟು ದಿನ ಕಾಯಬಹುದೆಂದು ಸದಾ ಅಳೆಯುತ್ತಿರಬೇಕು. ಡಿಸ್ಟಿಲರ್ಸ್ ಕಂಪನಿಯ ಇಂದಿನ ವಾರಸುದಾರನಾದ ಡಿಯಾಜಿಯೊ ಸಂಸ್ಥೆಯು 2001ರಲ್ಲಿ ಪೋರ್ಟ್ ಎಲೆನ್‌ನ ಮೊದಲ ವಾರ್ಷಿಕ ಬಿಡುಗಡೆ ಮಾಡಿದಾಗ ಅದು 1979ರ 22 ವರ್ಷದ ಮಾಲು, ಶೇ. 56.2, 6,000 ಬಾಟಲಿ. 2017ರ ಹದಿನೇಳನೆಯ ಬಿಡುಗಡೆಯೂ 1979ರದ್ದೇ, ಆದರೆ 37 ವರ್ಷದ್ದು, ಶೇ. 51, ಬಾಟಲಿಗಳು 2,988. ಬೆಲೆ ಎರಡು ಸಾವಿರ ಪೌಂಡ್ ದಾಟಿತ್ತು. ನಾನು ಕುಡಿದದ್ದು ಹದಿನೈದನೆಯದು, ಶೇ. 53.9. ಬಾಟಲಿ ನನ್ನದಲ್ಲ, ನಾಲ್ವರು ಗೆಳೆಯರು ಚಂದಾ ಎತ್ತಿ ಕೊಂಡದ್ದರಲ್ಲಿ ನನಗೆ ಅತಿಥಿಯ ಪಾಲು. ನಮ್ಮ ಬಾರುಗಳಲ್ಲಿ ಚಿಕ್ಕ ಪೆಗ್ ಎಂದರೆ 30 ಎಂ.ಎಲ್.; 20 ಎಂದರೆ ಅದಕ್ಕೂ ಕಡಿಮೆ. ಆದರೆ ಸವಿಯುವುದಕ್ಕೆ ಅಷ್ಟು ಸಾಕು. ಹೆಚ್ಚು ಕುಡಿದರೆ ಮೂಗಿನ ಬುದ್ಧಿ ಮೊದಲು ಮಂಕಾಗುತ್ತದೆ.

ಸವಿಯುವ ಕ್ರಮಕ್ಕೆ ಬರುತ್ತೇನೆ. ಕೆಳಗೆ ಅಗಲವಾಗಿ ಬಾಯಿಯಲ್ಲಿ ಕಿರಿದಾಗುವ ಗ್ಲಾಸು ಬೇಕು, ಇಲ್ಲವಾದರೆ ವಾಸನೆ ನಿಲ್ಲುವುದಿಲ್ಲ. ಬಣ್ಣವನ್ನು ನೋಡಿ ಮರೆತುಬಿಡಬೇಕು. ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಸೇರಿಸಲು ಕಾನೂನು ಅನುಮತಿ ಕೊಡುತ್ತದೆ, ಆದ್ದರಿಂದ ಕಡುಗಂದು ಬಣ್ಣವು ವಯಸ್ಸಿಗೆ ಸಾಕ್ಷಿಯಲ್ಲ. ಗ್ಲಾಸನ್ನು ಮೂಗಿನಿಂದ ನಾಲ್ಕು ಬೆರಳು ದೂರದಲ್ಲಿ ಹಿಡಿದು, ಬಾಯಿಯನ್ನು ತುಸು ತೆರೆದು, ನಿಧಾನವಾಗಿ ಹತ್ತಿರ ತರಬೇಕು. ಶೇ. 53.9ರ ವಿಸ್ಕಿಯನ್ನು ಒಮ್ಮೆಲೇ ಆಳವಾಗಿ ಎಳೆದುಕೊಂಡರೆ ಮೂಗು ಮುಂದಿನ ಐದು ನಿಮಿಷ ಮರಗಟ್ಟಿಹೋಗುತ್ತದೆ. ಸುರಿದ ತಕ್ಷಣ ಬಾಯಿಗೆ ಹಾಕುವುದು ಬೇಡ. ನಾನು ಅರ್ಧ ಗಂಟೆ ಬಿಟ್ಟೆ.

ಆಮೇಲಿನ ಕಷ್ಟ ಪದಗಳದ್ದು. ಇಂಗ್ಲಿಷಿನ ರುಚಿ ಟಿಪ್ಪಣಿಗಳಲ್ಲಿ ಹೆದರ್ ಹೂವು, ಗೂಸ್‌ಬೆರಿ, ಲೈಕೊರೈಸ್ ಮಿಠಾಯಿ ಬರುತ್ತವೆ. ನಾನು ಹೆದರ್ ಹೂವನ್ನು ಮೊದಲ ಬಾರಿ ಮೂಸಿದ್ದು ಐವತ್ತು ದಾಟಿದ ಮೇಲೆ. ಅದಕ್ಕೂ ಮೊದಲು ಎಷ್ಟೋ ವಿಸ್ಕಿಗಳಲ್ಲಿ ಅದರ ಪರಿಮಳವಿದೆಯೆಂದು ತಲೆಯಾಡಿಸಿದ್ದೆ. ಮೂಗು ತಾನು ಬಾಲ್ಯದಲ್ಲಿ ಕಂಡದ್ದನ್ನು ಮಾತ್ರ ಗುರುತಿಸುತ್ತದೆ, ಉಳಿದದ್ದು ಬಾಯಿಪಾಠ. ಆದ್ದರಿಂದ ಪೋರ್ಟ್ ಎಲೆನ್ ಎದುರು ಕುಳಿತಾಗ ಟಿಪ್ಪಣಿ ಪುಸ್ತಕದಲ್ಲಿ ಕನ್ನಡದಲ್ಲಿಯೇ ಬರೆಯಬೇಕೆಂದು ನಿರ್ಧರಿಸಿದ್ದೆ. ಬರೆದದ್ದನ್ನು ಓದುತ್ತೇನೆ. ಮೊದಲು ಗಜನಿಂಬೆಯ ಸಿಪ್ಪೆಯನ್ನು ಉಗುರಿನಿಂದ ಗೀರಿದ ವಾಸನೆ. ಹಿಂದೆಯೇ ಮೇಣ, ಮಳೆಗಾಲ ಕಳೆದ ಮೇಲೆ ಮಡಿಸಿಟ್ಟ ರೇನ್‌ಕೋಟು. ಹೊಗೆ ಇದೆ, ಆದರೆ ಉರಿಯುವ ಬೆಂಕಿಯದ್ದಲ್ಲ. ರಾತ್ರಿ ಹಂಡೆ ಕಾಯಿಸಿ ಬಿಟ್ಟ ಬಚ್ಚಲ ಒಲೆಯ ಬೂದಿಗೆ ಬೆಳಗ್ಗೆ ನಾಲ್ಕು ಹನಿ ನೀರು ಬಿದ್ದಾಗ ಏಳುವಂಥದ್ದು. ಅದರ ಕೆಳಗೆ ಅಪ್ಪೆಮಿಡಿ ಭರಣಿಯ ಉಪ್ಪುನೀರು. ಕೊನೆಗೆ, ಬಹಳ ದೂರದಲ್ಲಿ, ಮೊಣಕಾಲು ಕೆತ್ತಿಸಿಕೊಂಡು ಬಂದ ಹುಡುಗನಿಗೆ ಕಾಂಪೌಂಡರು ಹಚ್ಚುತ್ತಿದ್ದ ಟಿಂಚರ್.

ಹೊಗೆ ಹಿಂದೆ ಸರಿದಿರುವುದಕ್ಕೆ ವಯಸ್ಸೇ ಕಾರಣ. ಈ ಮಾಲ್ಟಿನಲ್ಲಿ ಫೀನಾಲ್ ಹತ್ತು ಲಕ್ಷಕ್ಕೆ 35 ಭಾಗದ ಆಸುಪಾಸಿನಲ್ಲಿರುತ್ತದೆ. ಬಟ್ಟಿ ಇಳಿಸುವಾಗಲೇ ಬಹಳಷ್ಟು ಕಳೆದುಹೋಗಿ, ಪೀಪಾಯಿಯಲ್ಲಿ ದಶಕಗಳು ಕಳೆದಂತೆ ಇನ್ನಷ್ಟು ಇಳಿಯುತ್ತದೆ. ಹತ್ತು ವರ್ಷದ ಐಲಾ ವಿಸ್ಕಿಯಲ್ಲಿ ಹೊಗೆ ಬಾಗಿಲು ಬಡಿಯುತ್ತದೆ, ಮೂವತ್ತರದ್ದರಲ್ಲಿ ಒಳಕೋಣೆಯಲ್ಲಿ ಕುಳಿತಿರುತ್ತದೆ. ಇನ್ನು ಉಪ್ಪಿನ ವಾಸನೆ. ಸಮುದ್ರದ ಗಾಳಿ ಮರದೊಳಗೆ ನುಗ್ಗಿ ವಿಸ್ಕಿಗೆ ಉಪ್ಪು ಬೆರೆಸುತ್ತದೆಂಬ ಮಾತು ಕೇಳಲು ಚೆಂದ. ಆದರೆ ಅಡುಗೆ ಉಪ್ಪು ಆವಿಯಾಗಿ ಬಟ್ಟಿಯಲ್ಲಿ ಮೇಲೇರುವುದಿಲ್ಲ, ಅದಕ್ಕೆ ವಾಸನೆಯೂ ಇಲ್ಲ. ಮೇಲಾಗಿ ಕಲ್ ಈಲಾದಂಥ ಡಿಸ್ಟಿಲರಿಯ ಸ್ಪಿರಿಟ್ಟಿನ ದೊಡ್ಡ ಪಾಲು ಟ್ಯಾಂಕರುಗಳಲ್ಲಿ ದ್ವೀಪ ಬಿಟ್ಟು ಹೋಗಿ ಮುಖ್ಯಭೂಮಿಯ ಗೋದಾಮುಗಳಲ್ಲಿ ಹಣ್ಣಾಗುತ್ತದೆ. ಫೀನಾಲ್ ವರ್ಗದ ಕೆಲವು ವಸ್ತುಗಳು ನಮ್ಮ ಮೂಗಿಗೆ ಕಡಲತೀರವನ್ನು ನೆನಪಿಸುತ್ತವೆ, ನೆನಪು ನಾಲಿಗೆಯ ಮೇಲೆ ಉಪ್ಪನ್ನು ಇಡುತ್ತದೆ. ಇದನ್ನು ಹೇಳಿದ್ದಕ್ಕೆ ನನ್ನ ಗೆಳೆಯನಿಗೆ ಬೇಸರವಾಯಿತು.

ಬಾಯಿಯಲ್ಲಿ ಅದು ಎಣ್ಣೆಯಂತೆ ಹರಡುತ್ತದೆ. ಮೊದಲು ಹುಳಿ, ಆಮೇಲೆ ಹರಳುಪ್ಪು ಮತ್ತು ಕರಿಮೆಣಸು, ನಡುವೆ ಒಂದು ಕ್ಷಣ ಮಾತ್ರ ಬೇಯಿಸಿದ ಸೇಬಿನ ಸಿಹಿ, ನಂತರ ತೊಯ್ದ ಕಲ್ಲು ಮತ್ತು ಮಸಿ. ಕೊನೆಯಲ್ಲಿ ಕಾಚಿನ ಒಗರು ಉಳಿಯುತ್ತದೆ, ಮತ್ತು ಅದು ನನಗೆ ತುಸು ಹೆಚ್ಚೆನಿಸಿತು. ದಣಿದ ಮರವೂ 32 ವರ್ಷಗಳಲ್ಲಿ ತನ್ನ ತೆರಿಗೆಯನ್ನು ವಸೂಲಿ ಮಾಡಿಯೇ ಮಾಡುತ್ತದೆ. ಐದಾರು ವರ್ಷ ಮೊದಲೇ ಬಾಟಲಿಗೆ ಇಳಿಸಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತೆಂದು ಬರೆದುಕೊಂಡೆ. ಇಷ್ಟು ಬೆಲೆಯ ವಿಸ್ಕಿಯ ಬಗ್ಗೆ ಹೀಗೆ ಬರೆಯಲು ಕೈ ನಡುಗಲಿಲ್ಲ, ಏಕೆಂದರೆ ಆ ಸಾಲನ್ನು ಬರೆಯುವಾಗ ನಾನು ಅದನ್ನು ಕಲ್ ಈಲಾ ಎಂದು ತಿಳಿದಿದ್ದೆ! ಚೀಟಿ ನೋಡಿದ ಮೇಲೆ ಅದನ್ನು ಹೊಡೆದುಹಾಕುವ ಆಸೆ ಬಂದದ್ದು ನಿಜ. ಹೊಡೆದುಹಾಕಲಿಲ್ಲ.

ಚೀಟಿ ನೋಡಿದ ನಂತರವೂ ಎರಡೂ ಗ್ಲಾಸುಗಳಲ್ಲಿ ಅರ್ಧದಷ್ಟು ಉಳಿದಿತ್ತು. ಆಗ ನೀರು ಬಂತು. ಕಡುಪಾದ ವಿಸ್ಕಿಗೆ ನೀರು ಬೆರೆಸುವುದು ಅಪಚಾರವೆಂದು ತಿಳಿದವರಿದ್ದಾರೆ; ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು 2017ರಲ್ಲಿ ಕಂಪ್ಯೂಟರಿನಲ್ಲಿ ಅಣುಗಳ ಚಲನೆಯನ್ನು ಲೆಕ್ಕಹಾಕಿ, ಆಲ್ಕೊಹಾಲ್ ಶೇ. 45ರೊಳಗಿದ್ದಾಗ ಹೊಗೆಯ ವಾಸನೆಯ ಗ್ವಾಯಕಾಲ್ ಅಣುಗಳು ದ್ರವದ ಮೇಲ್ಮೈಗೆ ಹತ್ತಿರ ಸೇರುತ್ತವೆ, ಕಡುಪು ಹೆಚ್ಚಿದಷ್ಟೂ ಒಳಗೆ ಮುಳುಗುತ್ತವೆ ಎಂದು ತೋರಿಸಿದರು. ಅಂದರೆ ನೀರು ಹಾಕಿದಾಗ ಅವು ಮೂಗಿನ ಕಡೆಗೆ ಬರುತ್ತವೆ. ನಾನು ಚಮಚದ ತುದಿಯಿಂದ ಹನಿಹನಿಯಾಗಿ ಹಾಕಿದೆ. ಕಲ್ ಈಲಾ, ಮೊದಲ ಗುಟುಕಿಗೇ ನನ್ನನ್ನು ಒಲಿಸಿಕೊಂಡಿದ್ದ ಆ ಸಿಹಿ ಹೊಗೆಯ ಚೆಲುವೆ, ಹತ್ತು ನಿಮಿಷದಲ್ಲಿ ತೆಳ್ಳಗಾಗಿ ಮಾತು ನಿಲ್ಲಿಸಿತು. ಪೋರ್ಟ್ ಎಲೆನ್ ಬಾಯಿ ಬಿಟ್ಟದ್ದೇ ಆಗ. ಒಗರು ಹಿಂದೆ ಸರಿದು ಗಜನಿಂಬೆ ಮರಳಿತು. ಬಚ್ಚಲ ಒಲೆಗೆ ಯಾರೋ ಒಣಗಿದ ತೆಂಗಿನ ಗರಿ ಹಾಕಿದಂತೆ ಹೊಗೆ ಮತ್ತೆ ಎದ್ದಿತು. ಅದುವರೆಗೂ ಇಲ್ಲದ ಜೇನುಮೇಣದ ನುಣುಪು ಬಂತು. ಒಂದು ಗಂಟೆಯ ನಂತರವೂ ಅದು ಬದಲಾಗುತ್ತಲೇ ಇತ್ತು. ಈ ವ್ಯತ್ಯಾಸ ಹೆಸರಿನಿಂದ ಹುಟ್ಟಿದ್ದೋ ಗ್ಲಾಸಿನಿಂದ ಹುಟ್ಟಿದ್ದೋ ಎಂಬ ಸಂಶಯ ನನಗೂ ಬಂದು, ಮರುದಿನ ಸಂಜೆ ಗೆಳೆಯನ ಹೆಂಡತಿಯ ಕೈಯಲ್ಲಿ ಮತ್ತೆ ಗುಟ್ಟಾಗಿ ಸುರಿಸಿ, ನೀರು ಬೆರೆಸಿ, ಅರ್ಧ ಗಂಟೆ ಕಾದು ನೋಡಿದೆ. ಆ ಬಾರಿ ತಪ್ಪಲಿಲ್ಲ.

ಹೆಸರಿನ ಮಾಯೆ ಎಷ್ಟು ಬಲವಾದದ್ದೆಂಬುದಕ್ಕೆ ಪೋರ್ಟ್ ಎಲೆನ್‌ಗಿಂತ ದೊಡ್ಡ ಉದಾಹರಣೆಯೊಂದು ಇದೆ. 2017ರಲ್ಲಿ ಸ್ವಿಟ್ಜರ್‌ಲೆಂಡಿನ ಸೇಂಟ್ ಮೊರಿಟ್ಜ್‌ನ ಹೋಟೆಲೊಂದರಲ್ಲಿ 1878ರ ಮಕ್ಯಾಲನ್ ಎಂಬ ಲೇಬಲ್ಲಿದ್ದ ಬಾಟಲಿಯಿಂದ ಒಂದು ಪೆಗ್ಗಿಗೆ ಸುಮಾರು 10,000 ಸ್ವಿಸ್ ಫ್ರಾಂಕ್ ಕೊಟ್ಟು ಚೀನಾದ ಗ್ರಾಹಕನೊಬ್ಬ ಕುಡಿದ. ಅನುಮಾನ ಬಂದು ಪರೀಕ್ಷೆ ಮಾಡಿಸಿದಾಗ ಅದು 1970ರ ದಶಕದ ಆರಂಭದ ಬ್ಲೆಂಡೆಡ್ ವಿಸ್ಕಿ ಎಂದು ತಿಳಿಯಿತು. ಹೋಟೆಲಿನವರಿಗೂ ಅದು ಗೊತ್ತಿರಲಿಲ್ಲ, ಅವರು ಹಣವನ್ನು ಹಿಂದಿರುಗಿಸಿದರು. ಐವತ್ತರ ದಶಕದಿಂದ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಏರಿತು; ಅದನ್ನು ಉಸಿರಾಡಿ ಬೆಳೆದ ಜವೆಗೋಧಿಯಲ್ಲಿ ಆ ಗುರುತು ಉಳಿದಿರುವುದರಿಂದ ವಿಸ್ಕಿಯ ಕಾಲವನ್ನು ಹಿಡಿಯಬಹುದು. 2018ರಲ್ಲಿ ಸ್ಕಾಟ್‌ಲೆಂಡಿನ ಪ್ರಯೋಗಾಲಯವೊಂದು ಹೀಗೆ 55 ಅಪರೂಪದ ಬಾಟಲಿಗಳನ್ನು ಪರೀಕ್ಷಿಸಿದಾಗ 21 ನಕಲಿಯಾಗಿದ್ದವು.

ಈ ಡಿಸ್ಟಿಲರಿಗಳಲ್ಲಿ ಕೆಲವು ಈಗ ಮುಚ್ಚಿದವಲ್ಲ ಎಂಬುದೇ ಈಚಿನ ವಿಚಿತ್ರ. ಬ್ರೋರಾ 2021ರಲ್ಲಿ ತೆರೆಯಿತು. 1993ರಲ್ಲಿ ಮುಚ್ಚಿದ್ದ ಫಾಲ್ಕರ್ಕಿನ ರೋಸ್‌ಬ್ಯಾಂಕ್‌ನಲ್ಲಿ ಕಳ್ಳರು ತಾಮ್ರದಾಸೆಗೆ ಹಂಡೆಗಳನ್ನೇ ಹೊತ್ತೊಯ್ದಿದ್ದರು. ಹಳೆಯ ನಕ್ಷೆ ಹಿಡಿದು ಹೊಸ ಹಂಡೆಗಳನ್ನು ಮಾಡಿಸಿ ಅದನ್ನೂ ಎಬ್ಬಿಸಿದ್ದಾರೆ. ಬೆಂಗಳೂರಿಗೂ ಈ ಪುಣ್ಯದಲ್ಲಿ ಒಂದು ಪಾಲಿದೆ, ಅದನ್ನು ನಾವು ಮರೆತಿದ್ದೇವೆ: 2007ರಲ್ಲಿ ಯು.ಬಿ. ಗ್ರೂಪ್ 595 ಮಿಲಿಯನ್ ಪೌಂಡ್ ಕೊಟ್ಟು ವೈಟ್ ಅಂಡ್ ಮಕೈ ಕಂಪನಿಯನ್ನು ಕೊಂಡಾಗ, 1995ರಿಂದ ಬೀಗ ಹಾಕಿದ್ದ ಅದರ ಟಾಮ್ನವೂಲಿನ್ ಡಿಸ್ಟಿಲರಿ ಅದೇ ವರ್ಷ ಮತ್ತೆ ಕೆಲಸ ಆರಂಭಿಸಿತು. ಆ ಕಂಪನಿಯೂ ಆ ಗ್ರೂಪಿನ ಕೈಯಲ್ಲಿ ಬಹಳ ಕಾಲ ಉಳಿಯಲಿಲ್ಲ, ಆ ಕಥೆ ತಮಗೆಲ್ಲ ಗೊತ್ತಿದೆ.

ಪೋರ್ಟ್ ಎಲೆನ್ 2024ರ ಮಾರ್ಚಿನಲ್ಲಿ, ಸುಮಾರು 41 ವರ್ಷಗಳ ನಂತರ, ಬಾಗಿಲು ತೆರೆಯಿತು. ಹಳೆಯ ಹಂಡೆಗಳ ನಕ್ಷೆಯಂತೆಯೇ ಮಾಡಿದ ಒಂದು ಜೋಡಿ, ಪ್ರಯೋಗಕ್ಕೆಂದು ಇನ್ನೊಂದು ಚಿಕ್ಕ ಜೋಡಿ ಅಲ್ಲಿವೆ. ಆ ಸಂದರ್ಭಕ್ಕೆ 1978ರ 44 ವರ್ಷದ ಹಳೆಯ ಮಾಲಿನ ಎರಡು ಬಾಟಲಿಗಳ ಜೋಡಿಯನ್ನು 45,000 ಪೌಂಡಿಗೆ ಮಾರಾಟಕ್ಕಿಟ್ಟರು. ಹೊಸ ಹಂಡೆಯಿಂದ ಇಳಿಯುವುದು ಹಳೆಯದರ ಮುಂದುವರಿಕೆಯೇ ಎಂದು ಸಭೆಯಲ್ಲಿ ಒಬ್ಬರು ಆಗಲೇ ಚೀಟಿ ಕಳಿಸಿದ್ದಾರೆ. ಹಂಡೆಯ ಆಕಾರವನ್ನು ನಕಲು ಮಾಡಬಹುದು. ಆದರೆ 1983ರ ಬಾರ್ಲಿ ತಳಿ ಬೇರೆ, ಯೀಸ್ಟ್ ಬೇರೆ, ಉರಿ ನೋಡಿಕೊಳ್ಳುವ ಕೈ ಬೇರೆ. ಎಲ್ಲಕ್ಕಿಂತ ಮಿಗಿಲಾಗಿ, ಇದು ಹೆಸರಾಂತ ವಿಸ್ಕಿಯಾಗಲೆಂದೇ ಹುಟ್ಟುತ್ತಿರುವ ವಿಸ್ಕಿ. ಇದಕ್ಕೆ ಒಳ್ಳೆಯ ಮರ ಸಿಗುತ್ತದೆ, ಕಣ್ಗಾವಲು ಇರುತ್ತದೆ. ಯಾರೂ ಕಾಯದ, ಯಾರಿಗೂ ಬೇಡವಾದ ದಾಸ್ತಾನಾಗಿ ಮೂವತ್ತು ವರ್ಷ ಕಳೆಯುವ ಭಾಗ್ಯ ಅದಕ್ಕಿಲ್ಲ. ಚೆನ್ನಾಗಿರಬಹುದು, ಹಳೆಯದಕ್ಕಿಂತ ಚೆನ್ನಾಗಿಯೂ ಇರಬಹುದು, ಬೇರೆ ಇರುತ್ತದೆ. ಸ್ಕಾಚ್ ಎನಿಸಿಕೊಳ್ಳಲು ಅದು ಕನಿಷ್ಠ ಮೂರು ವರ್ಷ ಓಕ್ ಪೀಪಾಯಿಯಲ್ಲಿ ಇರಬೇಕು. ನನ್ನ ಗ್ಲಾಸಿನಲ್ಲಿದ್ದದ್ದರ ವಯಸ್ಸಿಗೆ ಬರಬೇಕಾದರೆ 2056 ಆಗಬೇಕು. ಮುಂದಿನ ಸಾಲಿನಲ್ಲಿ ಕುಳಿತಿರುವ ತರುಣರು ಹೋಲಿಸಿ ನೋಡಬಹುದು, ಹೋಲಿಸಲು ಹಳೆಯದು ಯಾರ ಬಳಿಯಾದರೂ ಉಳಿದಿದ್ದರೆ.

ಈಗ ಸೀಸೆ. ಇದು ಒಣಗಿ ಎರಡು ವಾರವಾಯಿತು, ತೊಳೆದಿಲ್ಲ. ಆಲ್ಕೊಹಾಲ್ ಎಲ್ಲ ಹಾರಿಹೋಗಿದೆ, ನಿಂಬೆಯೂ ಹೋಗಿದೆ. ಗಾಜಿಗೆ ಅಂಟಿರುವುದು ಬೇಗ ಆವಿಯಾಗದ ಭಾರದ ವಸ್ತುಗಳು ಮಾತ್ರ, ಅಂದರೆ ಮಸಿ, ಮೇಣ, ಮತ್ತು ಸ್ವಲ್ಪ ಟಿಂಚರ್. ಮುಚ್ಚಳ ತೆರೆದು ಒಮ್ಮೆ ಮೂಸಿ, ಏನು ನೆನಪಾಯಿತೆಂಬುದನ್ನು ಪಕ್ಕದವರಿಗೆ ಹೇಳದೆ ಚೀಟಿಯಲ್ಲಿ ಬರೆದಿಡಿ. ತಕ್ಷಣ ಮುಚ್ಚಳ ಹಾಕಿ ಮುಂದಕ್ಕೆ ಕೊಡಿ. ಹಿಂದಿನ ಸಾಲಿನವರಿಗೂ ಸ್ವಲ್ಪ ಉಳಿಯಲಿ.